ಠಾಣೆಯವರು ಬಾಯಿಮಾತಿನಲ್ಲೇ ‘ಧರಣಿಗೆ ಅನುಮತಿ ಇಲ್ಲ’ ಎಂದರು, ಮುಂದೇನು ಮಾಡಬೇಕು?

ಕಾಫಿಕಣ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯ ಮಲೆನಾಡು ಭಾಗದವನು. ಮೂರು ಎಕರೆ ಕಾಫಿ, ಒಂದೂವರೆ ಎಕರೆ ಗದ್ದೆ. ಭತ್ತ ಹಾಲುಗಟ್ಟಿದ ದಿನದಿಂದ ಆನೆಗಳು ಊರು ಬಿಟ್ಟಿಲ್ಲ. ಹತ್ತು ದಿನಗಳಲ್ಲಿ ಏಳು ಮನೆಗಳ ಗದ್ದೆ ತುಳಿದುಹೋಗಿದೆ. ಅರೇಬಿಕಾ ಹಣ್ಣಾಗಿ ಉದುರುತ್ತಿದೆ, ಆದರೆ ಕೊಯ್ಲಿಗೆ ಬರುವ ಹೆಂಗಸರು ಬಿಸಿಲೇರುವವರೆಗೆ ತೋಟಕ್ಕೆ ಕಾಲಿಡಲು ಹೆದರುತ್ತಾರೆ.

ನಾಲ್ಕು ಊರಿನವರು ಸೇರಿ ಮುಂದಿನ ವಾರದ ಸೋಮವಾರ ತಾಲ್ಲೂಕು ಕಚೇರಿಯ ಎದುರು ಧರಣಿ ಕೂರಲು ತೀರ್ಮಾನಿಸಿದ್ದೇವೆ. ಇನ್ನೂರು ಜನ ಬರಬಹುದು. ನಿನ್ನೆ ಅರ್ಜಿ ಹಿಡಿದು ಠಾಣೆಗೆ ಹೋದರೆ, ಅಲ್ಲಿದ್ದ ಅಧಿಕಾರಿ ಓದಲೂ ಇಲ್ಲ. ‘ಈಗ 144 ಇದೆ, ಯಾವುದಕ್ಕೂ ಅನುಮತಿ ಇಲ್ಲ. ಕೂತರೆ ಎಲ್ಲರ ಮೇಲೂ ಕೇಸು ಬೀಳುತ್ತದೆ’ ಎಂದರು. ಆದೇಶದ ಪ್ರತಿ ತೋರಿಸಿ ಎಂದು ಕೇಳಿದೆ. ‘ನಿಮಗೇಕೆ ತೋರಿಸಬೇಕು?’ ಎಂದು ಕಳುಹಿಸಿಬಿಟ್ಟರು.

ಧರಣಿಗೆ ಅನುಮತಿ ಕಡ್ಡಾಯವೇ? ಯಾರು ಕೊಡಬೇಕು? ಅವರು ಇಲ್ಲ ಎಂದರೆ ನಾವು ಮನೆಯಲ್ಲಿ ಕೂರಬೇಕೇ? ತಿಳಿದವರು ದಯವಿಟ್ಟು ಹೇಳಿ. ನಾಲ್ಕು ಊರಿನವರೂ ನನ್ನ ಮುಖ ನೋಡುತ್ತಿದ್ದಾರೆ.

ಹೇಮಾವತಿತೀರ · ರಾತ್ರಿ 9:22

ಅನುಮತಿ ಕೇಳಲು ಹೋದದ್ದೇ ತಪ್ಪು ಅಣ್ಣ. ಆನೆ ನಮ್ಮ ಗದ್ದೆಗೆ ಇಳಿಯುವಾಗ ಯಾರ ಅನುಮತಿ ಕೇಳಿತ್ತು? ಹೋಗಿ ಹೆದ್ದಾರಿಯಲ್ಲಿ ಕೂತುಬಿಡಿ, ಅರ್ಧ ಗಂಟೆಯಲ್ಲಿ ಎಲ್ಲ ಅಧಿಕಾರಿಗಳೂ ಓಡಿ ಬರುತ್ತಾರೆ.

ಕರಿಕೋಟು · ರಾತ್ರಿ 10:05

ಹೇಮಾವತಿತೀರ ಅವರೇ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ ಹೆದ್ದಾರಿಯ ಮಾತನ್ನು ಇಲ್ಲಿಗೇ ಬಿಡಿ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ನಾನು ಹಾಸನದಲ್ಲಿ ವಕೀಲ. ಮೊದಲು ಕಾಫಿಕಣ ಅವರ ಪ್ರಶ್ನೆಗೆ ಬರುತ್ತೇನೆ.

ಶಾಂತಿಯುತವಾಗಿ, ಆಯುಧಗಳಿಲ್ಲದೆ ಸಭೆ ಸೇರುವುದು ಸಂವಿಧಾನದ 19(1)(ಬಿ) ವಿಧಿ ಕೊಟ್ಟ ಹಕ್ಕು. ಠಾಣೆ ಕೊಟ್ಟದ್ದಲ್ಲ. ಆ ಹಕ್ಕಿಗೆ ಮಿತಿ ಹಾಕಬಹುದು, ಆದರೆ 19(3)ರಂತೆ ದೇಶದ ಸಾರ್ವಭೌಮತೆ, ಅಖಂಡತೆ ಅಥವಾ ಸಾರ್ವಜನಿಕ ಸುವ್ಯವಸ್ಥೆಯ ಸಲುವಾಗಿ, ಕಾನೂನಿನ ಮೂಲಕ, ಸಮಂಜಸವಾಗಿ ಹಾಕಬೇಕು. ಅಹಮದಾಬಾದಿನ ಪೊಲೀಸ್ ಆಯುಕ್ತರ ವಿರುದ್ಧ ಹಿಮ್ಮತ್‌ಲಾಲ್ ಷಾ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ದಶಕಗಳ ಹಿಂದೆಯೇ ಇದನ್ನು ಬಿಡಿಸಿ ಹೇಳಿದೆ. ಬೀದಿಯಲ್ಲಿ ಸಭೆ ನಡೆಸುವುದಕ್ಕೆ ಸ್ಥಳ, ಸಮಯ, ರೀತಿ ಇವುಗಳ ಬಗ್ಗೆ ನಿಯಮ ಮಾಡಬಹುದು. ಆದರೆ ಅಧಿಕಾರಿಯ ಮನಸ್ಸಿಗೆ ಬಂದಂತೆ ಬೇಡ ಎನ್ನುವ ಅಧಿಕಾರವನ್ನು ಯಾವ ನಿಯಮವೂ ಕೊಡುವಂತಿಲ್ಲ.

ಹಾಗಾಗಿ ಅರ್ಜಿ ಕೊಡುವುದು ಸರಿಯೇ. ನೀವು ಎಡವಿದ್ದು ಒಂದೇ ಕಡೆ, ಅರ್ಜಿಯನ್ನು ಕೈಯಲ್ಲಿ ವಾಪಸು ಹಿಡಿದುಕೊಂಡು ಬಂದಿರಿ. ನಾಳೆ ಅದನ್ನೇ ಮೂರು ಪ್ರತಿ ಮಾಡಿ. ಒಂದು ಉಪ ಪೊಲೀಸ್ ಅಧೀಕ್ಷಕರ ಕಚೇರಿಗೆ, ಒಂದು ತಹಶೀಲ್ದಾರರಿಗೆ, ಒಂದು ಉಪವಿಭಾಗಾಧಿಕಾರಿಗೆ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿ. ರಾಜ್ಯ ಸರ್ಕಾರದ ಆನ್‌ಲೈನ್ ಸೇವಾ ತಾಣ ಸೇವಾ ಸಿಂಧುವಿನಲ್ಲಿ ಶಾಂತಿಯುತ ಸಭೆ, ಮೆರವಣಿಗೆಗಳ ಅನುಮತಿ ಕೋರುವ ಸೇವೆಯೂ ಇದೆ. ಅಲ್ಲಿ ಹಾಕಿದರೆ ಅರ್ಜಿ ಸಂಖ್ಯೆ ಸಿಗುತ್ತದೆ. ಇಲ್ಲ ಎನ್ನುವುದಾದರೆ ಕಾರಣ ಬರೆದು ಇಲ್ಲ ಎನ್ನಲಿ. ಬರೆದ ‘ಇಲ್ಲ’ವನ್ನು ಹೈಕೋರ್ಟಿನ ಮುಂದೆ ಇಡಬಹುದು. ಬಾಯಿಮಾತಿನ ‘ಇಲ್ಲ’ವನ್ನು ಎಲ್ಲಿ ಇಡುತ್ತೀರಿ?

ಬೇಲೂರುಬಸ್ · ರಾತ್ರಿ 10:14

144 ಈಗ 163 ಆಗಿದೆ ಎಂದು ಕೇಳಿದ ನೆನಪು. ಯಾವುದು ಸರಿ?

ಕರಿಕೋಟು · ರಾತ್ರಿ 10:31

ಸರಿಯಾಗಿಯೇ ಕೇಳಿದ್ದೀರಿ. 2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. 144ರ ಜಾಗದಲ್ಲಿ ಈಗ ಕಲಂ 163. ಹೆಸರು ಹಳೆಯದೇ ನಾಲಿಗೆಯ ಮೇಲಿದೆ.

ನಿಷೇಧಾಜ್ಞೆ ಎಂದರೆ ಗಾಳಿಯಲ್ಲಿರುವ ವಸ್ತುವಲ್ಲ. ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿ ಹೊರಡಿಸುವ ಲಿಖಿತ ಆದೇಶ. ಏಕೆ ಬೇಕಾಯಿತು ಎಂಬ ಸಂಗತಿಗಳು ಅದರಲ್ಲಿರಬೇಕು. ಎರಡು ತಿಂಗಳಿಗಿಂತ ಹೆಚ್ಚು ನಡೆಯುವುದಿಲ್ಲ. ರಾಜ್ಯ ಸರ್ಕಾರ ಬೇಕಾದರೆ ಇನ್ನು ಆರು ತಿಂಗಳವರೆಗೆ ಮುಂದುವರಿಸಬಹುದು, ಅಷ್ಟೇ. ಅದರಿಂದ ತೊಂದರೆಯಾದವರು ಆದೇಶ ಕೊಟ್ಟವರ ಬಳಿಯೇ ರದ್ದತಿಗೆ ಅರ್ಜಿ ಹಾಕಬಹುದು. ಅರ್ಜಿ ತಳ್ಳಿಹಾಕಿದರೆ ಕಾರಣ ಬರೆಯಲೇಬೇಕು.

2020ರ ಜನವರಿಯಲ್ಲಿ ಅನುರಾಧಾ ಭಸೀನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೆರಡು ಮಾತು ಸೇರಿಸಿತು. ಇಂಥ ಆದೇಶಗಳನ್ನು ಪ್ರಕಟಿಸಬೇಕು, ನ್ಯಾಯವಾದ ಅಭಿಪ್ರಾಯವನ್ನು ಅದುಮಲು ಇವನ್ನು ಬಳಸಬಾರದು. ಮರುತಿಂಗಳೇ ನಮ್ಮ ಹೈಕೋರ್ಟ್ ಅದೇ ಅಳತೆಗೋಲು ಹಿಡಿದು, 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಹೇರಿದ್ದ ನಿಷೇಧಾಜ್ಞೆಯನ್ನು ಕಾನೂನುಬಾಹಿರ ಎಂದಿತು. ಆದ್ದರಿಂದ ‘ನಿಮಗೇಕೆ ತೋರಿಸಬೇಕು’ ಎಂಬ ಮಾತು ನಿಲ್ಲುವುದಿಲ್ಲ.

ಹಳೇದಫೇದಾರ · ಸೋಮವಾರ ಬೆಳಿಗ್ಗೆ 6:20

ವಕೀಲರು ಹೇಳಿದ್ದು ಕಾನೂನು. ನಾನು ಮೂವತ್ತೊಂದು ವರ್ಷ ಬಂದೋಬಸ್ತಿಗೆ ನಿಂತವನು, ಠಾಣೆಯ ಒಳಗಿನ ಕಷ್ಟವನ್ನೂ ಕೇಳಿ.

ಇನ್ನೂರು ಜನ ಎಂದು ಬರೆದುಕೊಡುತ್ತಾರೆ, ಎರಡು ಸಾವಿರ ಜನ ಬರುತ್ತಾರೆ. ಹನ್ನೊಂದು ಗಂಟೆಗೆ ಎನ್ನುತ್ತಾರೆ, ಮುಖಂಡರು ಬರುವುದು ಎರಡಕ್ಕೆ. ಅಷ್ಟು ಹೊತ್ತಿಗೆ ಜನ ಹಸಿದು ಸಿಟ್ಟಾಗಿರುತ್ತಾರೆ. ಒಂದು ಕಲ್ಲು ಬಿದ್ದರೆ ಕೈಯೆತ್ತಿ ತೋರಿಸುವುದು ಪೇದೆಯ ಕಡೆಗೆ. ಆದ್ದರಿಂದಲೇ ಮೊದಲ ಮಾತು ‘ಬೇಡ’ ಎಂದು ಬರುತ್ತದೆ. ಅದು ಸರಿ ಎನ್ನುತ್ತಿಲ್ಲ.

ಕಾಫಿಕಣ ಅವರೇ, ಅರ್ಜಿಯಲ್ಲಿ ಇಷ್ಟನ್ನು ಬರೆಯಿರಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಯಾವ ಊರಿನಿಂದ ಎಷ್ಟು ಟ್ರ್ಯಾಕ್ಟರ್, ವಾಹನ ಎಲ್ಲಿ ನಿಲ್ಲಿಸುತ್ತೀರಿ, ಮನವಿ ಯಾರು ಕೊಡುತ್ತಾರೆ, ಜವಾಬ್ದಾರಿ ಹೊತ್ತ ಹತ್ತು ಜನರ ಹೆಸರು ಮತ್ತು ಮೊಬೈಲ್ ಸಂಖ್ಯೆ. ಕುಡಿಯುವ ನೀರು ಯಾರು ತರುತ್ತಾರೆ ಎಂಬುದನ್ನೂ ಬರೆಯಿರಿ. ಇಂಥ ಅರ್ಜಿ ಬಂದರೆ ಒಳ್ಳೆಯ ಸಬ್‌ಇನ್‌ಸ್ಪೆಕ್ಟರ್ ನಿಮ್ಮನ್ನು ಕೂರಿಸಿ ಮಾತನಾಡುತ್ತಾರೆ.

ಹೇಮಾವತಿತೀರ · ಬೆಳಿಗ್ಗೆ 7:02

ದಫೇದಾರರೇ, ಗೌರವದಿಂದಲೇ ಹೇಳುತ್ತೇನೆ. ನಮ್ಮ ಪಕ್ಕದ ಊರಿನಲ್ಲಿ ಕೂಲಿಯವನೊಬ್ಬ ಆನೆಗೆ ಸಿಕ್ಕಿ ಸತ್ತ. ಅದಕ್ಕೆ ಮುಂಚೆ ಎಂಟು ಮನವಿ ಕೊಟ್ಟಿದ್ದೆವು. ಎಂಟಕ್ಕೂ ಸ್ವೀಕೃತಿ ಇತ್ತು. ಯಾರೂ ಬರಲಿಲ್ಲ. ಹೆಣವನ್ನು ರಸ್ತೆಯಲ್ಲಿ ಇಟ್ಟ ದಿನ ಎಲ್ಲರೂ ಬಂದರು. ಅವನ ಹೆಂಡತಿ ಆ ದಿನ ಬಿಸಿಲಿನಲ್ಲಿ ಐದು ಗಂಟೆ ಕೂತಿದ್ದಳು. ಮೊಹರು ಹಾಕಿಸಿಕೊಳ್ಳಿ ಎಂದು ಅವಳಿಗೆ ಹೇಳಲು ನನ್ನಿಂದ ಆಗುವುದಿಲ್ಲ.

ಬಾಬಾಬೆಟ್ಟ · ಬೆಳಿಗ್ಗೆ 7:40

ಮೇಲಿನದನ್ನು ಓದಿ ಕಣ್ಣು ತುಂಬಿತು. ಆದರೂ ಒಂದು ಮಾತು ಹೇಳಲೇಬೇಕು. ಎರಡು ವರ್ಷಗಳ ಹಿಂದೆ ನನ್ನ ತಂಗಿಯನ್ನು ಹೆರಿಗೆಗೆ ಹಾಸನಕ್ಕೆ ಕರೆದೊಯ್ಯುವಾಗ ರಸ್ತೆ ತಡೆಯಲ್ಲಿ ಸಿಕ್ಕಿಕೊಂಡೆವು. ನಲವತ್ತು ನಿಮಿಷ. ಧರಣಿ ಕೂತವರು ಕೆಟ್ಟವರಲ್ಲ. ಆಂಬುಲೆನ್ಸ್ ಆಗಿದ್ದರೆ ಬಿಡುತ್ತಿದ್ದೆವು, ನಿಮ್ಮದು ಬಾಡಿಗೆ ಕಾರು, ನಮಗೇನು ಗೊತ್ತು ಎಂದರು. ಮಗು ಉಳಿಯಿತು. ಆ ನಲವತ್ತು ನಿಮಿಷ ತಂಗಿ ನನ್ನ ಕೈ ಹಿಡಿದ ಹಿಡಿತ ಇನ್ನೂ ಮರೆತಿಲ್ಲ.

ಕರಿಕೋಟು · ಬೆಳಿಗ್ಗೆ 8:15

ಹೆದ್ದಾರಿಯ ಬಗ್ಗೆ ಹೇಳುತ್ತೇನೆ ಎಂದಿದ್ದೆ.

ರಸ್ತೆ ತಡೆದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 126(2), ಅಂದರೆ ಅಕ್ರಮ ತಡೆ, ಒಂದು ತಿಂಗಳವರೆಗೆ ಸಾದಾ ಸೆರೆವಾಸ ಅಥವಾ ಐದು ಸಾವಿರದವರೆಗೆ ದಂಡ. ಕಲಂ 285, ಸಾರ್ವಜನಿಕ ದಾರಿಗೆ ಅಡ್ಡಿ, ಅದಕ್ಕೂ ಐದು ಸಾವಿರದವರೆಗೆ ದಂಡ. ಇವು ಸಣ್ಣವು. ರಾಷ್ಟ್ರೀಯ ಹೆದ್ದಾರಿಯನ್ನು ಅಗೆದು, ಮರ ಉರುಳಿಸಿ, ಹೋಗಲಾರದಂತೆ ಕೆಡಿಸಿದರೆ ಮಾತ್ರ 1956ರ ರಾಷ್ಟ್ರೀಯ ಹೆದ್ದಾರಿಗಳ ಕಾಯ್ದೆಯ 8ಬಿ ಬರುತ್ತದೆ, ಅದಕ್ಕೆ ಐದು ವರ್ಷದವರೆಗೆ ಶಿಕ್ಷೆ. ಹಳಿಯ ಮೇಲೆ ಕೂತು ರೈಲು ತಡೆದರೆ 1989ರ ರೈಲ್ವೆ ಕಾಯ್ದೆಯ ಕಲಂ 174, ಎರಡು ವರ್ಷದವರೆಗೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಹುಡುಗರನ್ನು ದಯವಿಟ್ಟು ಮುಂದಿನ ಸಾಲಿನಲ್ಲಿ ಕೂರಿಸಬೇಡಿ. ಪೊಲೀಸ್ ಪರಿಶೀಲನೆಯಲ್ಲಿ ಬಾಕಿ ಇರುವ ಕೇಸು ಕಾಣುತ್ತದೆ, ಅಲೆದಾಟ ಶುರುವಾಗುತ್ತದೆ.

ದೆಹಲಿಯ ಶಾಹೀನ್ ಬಾಗ್ ಧರಣಿಯ ವಿಷಯದಲ್ಲಿ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದೇ. ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸಿ ಕೂರುವಂತಿಲ್ಲ.

ಹೇಮಾವತಿತೀರ ಅವರೇ, ಆ ತಾಯಿಗೆ ಉತ್ತರ ನನ್ನ ಬಳಿಯೂ ಇಲ್ಲ. ಎಂಟು ಸ್ವೀಕೃತಿಗಳು ಈಗಲೂ ನಿಮ್ಮಲ್ಲಿದ್ದರೆ ನನಗೆ ಕಳುಹಿಸಿ. ಪರಿಹಾರದ ಲೆಕ್ಕದಲ್ಲಿ ಅವು ಬೇಕಾಗುತ್ತವೆ.

ಕಾಲೇಜುಗುಡ್ಡ · ಬೆಳಿಗ್ಗೆ 8:50

ಐದು ಜನ ಸೇರಿದರೆ ಸಾಕು, ಅಕ್ರಮ ಕೂಟ ಆಗಿಬಿಡುತ್ತದೆ ಅಲ್ಲವೇ? ಅಲ್ಲದೆ ಸ್ವಾತಂತ್ರ್ಯ ಉದ್ಯಾನ ಬಿಟ್ಟು ರಾಜ್ಯದಲ್ಲಿ ಬೇರೆಲ್ಲೂ ಪ್ರತಿಭಟನೆ ಮಾಡುವಂತಿಲ್ಲ ಎಂದು ಹೈಕೋರ್ಟೇ ಹೇಳಿದೆ ಎಂದು ನಮ್ಮ ಹಾಸ್ಟೆಲ್ಲಿನಲ್ಲಿ ಮಾತಿದೆ.

ಕರಿಕೋಟು · ಬೆಳಿಗ್ಗೆ 9:05

ಎರಡೂ ತಪ್ಪು. ಸ್ವಾತಂತ್ರ್ಯ ಉದ್ಯಾನದ ನಿಯಮ 2021ರ ಆದೇಶದ್ದು, ಬೆಂಗಳೂರು ನಗರಕ್ಕೆ ಮಾತ್ರ. ಹಾಸನಕ್ಕೂ ಚಿಕ್ಕಮಗಳೂರಿಗೂ ಅದು ಅನ್ವಯಿಸುವುದಿಲ್ಲ. ಅಕ್ರಮ ಕೂಟಕ್ಕೆ ಐದು ಜನರ ಸಂಖ್ಯೆಯ ಜೊತೆಗೆ ಕಾನೂನು ಪಟ್ಟಿ ಮಾಡಿದ ಕೆಟ್ಟ ಉದ್ದೇಶವೂ ಇರಬೇಕು. ಬಲಪ್ರಯೋಗದಿಂದ ಸರ್ಕಾರವನ್ನು ಬೆದರಿಸುವುದು, ಅಪರಾಧ ಎಸಗುವುದು ಇಂಥವು. ಐದು ಜನ ಕೂತು ಮನವಿ ಓದಿದರೆ ಅದು ಅಕ್ರಮ ಕೂಟವಲ್ಲ.

ಬೇಲೂರುಬಸ್ · ಬೆಳಿಗ್ಗೆ 9:11

ಹತ್ತು ಜನಕ್ಕಿಂತ ಹೆಚ್ಚು ಸೇರಬಾರದು ಎಂಬ ಸರ್ಕಾರದ ಆದೇಶ ಬಂದಿತ್ತಲ್ಲ?

ಕರಿಕೋಟು · ಬೆಳಿಗ್ಗೆ 9:20

ಅದು 2025ರ ಅಕ್ಟೋಬರ್‌ನ ಆದೇಶ, ಖಾಸಗಿ ಸಂಘಸಂಸ್ಥೆಗಳು ಸರ್ಕಾರಿ ಜಾಗಗಳನ್ನು ಬಳಸುವ ಬಗ್ಗೆ. ಹೈಕೋರ್ಟಿನ ಧಾರವಾಡ ಪೀಠ ಅದೇ ತಿಂಗಳು ತಡೆಯಾಜ್ಞೆ ಕೊಟ್ಟಿತು. ಆದರೆ ಒಂದನ್ನು ನೆನಪಿಡಿ, ಕಚೇರಿಯ ಕಾಂಪೌಂಡಿನ ಒಳಗೆ ನುಗ್ಗಿ ಸಭೆ ಮಾಡುವ ಹಕ್ಕು ನಮಗಿಲ್ಲ. ರೈಲ್ವೆ ನೌಕರರ ಪ್ರಕರಣದಲ್ಲಿ 1969ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಗೇಟಿನ ಹೊರಗಿರಿ.

ಆಜಾದ್‌ಪಾರ್ಕ್ ಅಂಗಡಿ · ಮಧ್ಯಾಹ್ನ 1:30

ಚಿಕ್ಕಮಗಳೂರಿನಿಂದ ನಮಸ್ಕಾರ. ನಮ್ಮ ಅಂಗಡಿಯ ಮುಂದೆ ವಾರಕ್ಕೊಂದಾದರೂ ಪ್ರತಿಭಟನೆ ಇದ್ದೇ ಇರುತ್ತದೆ. ನಮಗೆ ಅಭ್ಯಾಸವಾಗಿದೆ, ವಿರೋಧವೂ ಇಲ್ಲ. ಕೂಗುವವರು ಕೂಗಿ, ಮನವಿ ಕೊಟ್ಟು, ಟೀ ಕುಡಿದು ಹೋಗುತ್ತಾರೆ. ನನ್ನ ವಿರೋಧ ಬಂದ್‌ಗೆ. ದಿನದ ವ್ಯಾಪಾರವನ್ನೇ ನಂಬಿದ ಹೂವಿನವಳು, ಹಣ್ಣಿನ ಗಾಡಿಯವನು, ಅವರನ್ನು ಯಾರು ಕೇಳುತ್ತಾರೆ?

ಕರಿಕೋಟು · ಮಧ್ಯಾಹ್ನ 2:10

ನ್ಯಾಯವಾದ ಮಾತು. ಬಲವಂತದ ಬಂದ್ ಸಂವಿಧಾನಬಾಹಿರ ಎಂದು ಕೇರಳ ಹೈಕೋರ್ಟ್ 1997ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತಾವಾಗಿಯೇ ಬಾಗಿಲು ಹಾಕಿದರೆ ಅದು ಬೇರೆ.

ನಿವೃತ್ತಮೇಷ್ಟ್ರು · ಸಂಜೆ 5:45

ಚಿಕ್ಕಮಗಳೂರು ಎಂದ ಕೂಡಲೇ ನೆನಪಾಯಿತು, ವಿಷಯಾಂತರವಾದರೆ ಕ್ಷಮಿಸಿ. 1978ರ ನವೆಂಬರ್‌ನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ಎದುರು ವೀರೇಂದ್ರ ಪಾಟೀಲರು ನಿಂತಿದ್ದರು. ನನಗೆ ಹದಿನಾಲ್ಕು ವರ್ಷ. ಅಪ್ಪ ಇಬ್ಬರ ಸಭೆಗಳಿಗೂ ಕರೆದೊಯ್ದರು. ರಾತ್ರಿ ಎಷ್ಟೋ ಹೊತ್ತಿನವರೆಗೆ ಭಾಷಣ ಕೇಳುತ್ತಿತ್ತು. ತುರ್ತು ಪರಿಸ್ಥಿತಿ ಮುಗಿದು ಎರಡು ವರ್ಷವೂ ಆಗಿರಲಿಲ್ಲ. 19ನೇ ವಿಧಿಯ ಹಕ್ಕುಗಳೇ ಅಮಾನತಿನಲ್ಲಿದ್ದ ದಿನಗಳನ್ನು ಅಪ್ಪ ಕಂಡಿದ್ದರು. ‘ಗುಂಪಿನಲ್ಲಿ ನಿಂತು ಜೋರಾಗಿ ಕೂಗು, ಕೂಗಬಹುದು ಈಗ’ ಎಂದು ನನ್ನ ಬೆನ್ನು ತಟ್ಟಿದ್ದು ಇವತ್ತಿಗೂ ನೆನಪಿದೆ. ಕಾಫಿಕಣ ಅವರು ಎರಡು ಸಲ ಠಾಣೆಯ ಮೆಟ್ಟಿಲು ಹತ್ತಬೇಕಾದರೂ ಹತ್ತಲಿ. ಆ ಹಕ್ಕು ಬಳಸದೆ ತುಕ್ಕು ಹಿಡಿಯಬಾರದು.

ಮೈಕ್‌ಸೆಟ್ ಶಾಮಿಯಾನ · ಸಂಜೆ 6:20

ಮೇಷ್ಟ್ರೇ, ರಾತ್ರಿ ಹತ್ತರ ಮೇಲೆ ಈಗ ಬಯಲಿನಲ್ಲಿ ಮೈಕ್ ಹಾಕಿದರೆ ನನ್ನ ಸೆಟ್ಟೇ ಹೋಗುತ್ತದೆ. 2000ದ ಶಬ್ದ ಮಾಲಿನ್ಯ ನಿಯಮ. ಬೆಳಿಗ್ಗೆ ಆರರವರೆಗೆ ಮುಟ್ಟುವಂತಿಲ್ಲ. ಹಗಲಿನಲ್ಲೂ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇರೆಯಾಗಿಯೇ ಬೇಕು. ಧರಣಿಗೆ ಅನುಮತಿ ಸಿಕ್ಕಿತು, ಮೈಕ್‌ಗೂ ಸಿಕ್ಕಿದಂತೆ ಎಂದುಕೊಂಡು ಬಂದವರಿಂದ ನಾನು ಎರಡು ಸಲ ಠಾಣೆಗೆ ಅಲೆದಿದ್ದೇನೆ.

ಇನ್ನೊಂದು ಮುಖ್ಯ ವಿಷಯ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಕಾಫಿಕಣ ಅಣ್ಣ, ನಿಮ್ಮ ತಾಲ್ಲೂಕು ಕಚೇರಿಯ ಪಕ್ಕದಲ್ಲಿ ಕೋರ್ಟು ಇದೆಯೇ ನೋಡಿ. ಎಷ್ಟೋ ತಾಲ್ಲೂಕುಗಳಲ್ಲಿ ಇರುತ್ತದೆ.

ಕಾಫಿಕಣ · ಸಂಜೆ 6:48

ಇದೆ! ಗೋಡೆಗೆ ಗೋಡೆ ತಾಗಿಕೊಂಡೇ ಇದೆ. ನಮಗೆ ಇದು ಹೊಳೆದೇ ಇರಲಿಲ್ಲ.

ಮೈಕ್‌ಸೆಟ್ ಶಾಮಿಯಾನ · ಸಂಜೆ 6:55

ಹಾಗಾದರೆ ಅಲ್ಲಿ ಮೈಕ್ ಕೇಳಿದ್ದಕ್ಕೇ ಇಡೀ ಅರ್ಜಿ ಬಿದ್ದುಹೋಗಬಹುದು. ಸಂತೆ ಮೈದಾನ ದೂರವಿದ್ದರೆ ಸಭೆ ಅಲ್ಲಿ ಮಾಡಿ, ಆಮೇಲೆ ಮೈಕ್ ಇಲ್ಲದೆ ನಡೆದುಕೊಂಡು ಹೋಗಿ ಮನವಿ ಕೊಡಿ. ಮೈದಾನಕ್ಕೆ ಪಟ್ಟಣ ಪಂಚಾಯಿತಿಯ ಒಪ್ಪಿಗೆ ಪತ್ರ ಬೇಕು. ಶಾಮಿಯಾನ ನನ್ನದೇ, ಲಾರಿ ಬಾಡಿಗೆ ಮಾತ್ರ ಕೊಡಿ ಸಾಕು. ನಮ್ಮದೂ ಗದ್ದೆ ಇದೆ.

ಸ್ತ್ರೀಶಕ್ತಿಸಂಘ · ರಾತ್ರಿ 8:30

ನಮ್ಮ ಸಂಘದಿಂದ ನಲವತ್ತು ಜನ ಬರುತ್ತೇವೆ. ಹಿಡಿದುಕೊಂಡು ಹೋದರೆ ಏನು ಎಂಬ ಭಯ ಮನೆಗಳಲ್ಲಿದೆ. ನನ್ನ ಅತ್ತೆ ಬೇಡವೇ ಬೇಡ ಎನ್ನುತ್ತಿದ್ದಾರೆ.

ಕರಿಕೋಟು · ರಾತ್ರಿ 9:15

ಅಕ್ಕ, ಅತ್ತೆಯವರಿಗೆ ಇದನ್ನು ಓದಿ ಹೇಳಿ. ಮುಂಜಾಗ್ರತೆಯಾಗಿ ಹಿಡಿದರೆ, ಅಂದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 170ರಲ್ಲಿ, ಬೇರೆ ಕಾರಣವಿಲ್ಲದೆ ಇಪ್ಪತ್ತನಾಲ್ಕು ಗಂಟೆ ಮೀರಿ ಇಟ್ಟುಕೊಳ್ಳುವಂತಿಲ್ಲ. ಧರಣಿಗಳಲ್ಲಿ ಸಾಮಾನ್ಯವಾಗಿ ಬಸ್ಸಿನಲ್ಲಿ ಕರೆದೊಯ್ದು, ಹೆಸರು ಬರೆದುಕೊಂಡು, ಸಂಜೆಗೆ ಬಿಡುತ್ತಾರೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ತೀರಾ ಅಸಾಧಾರಣ ಸಂದರ್ಭದಲ್ಲಿ ಮಾತ್ರ, ಅದೂ ಮಹಿಳಾ ಅಧಿಕಾರಿಯೇ ಬಂದು, ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದಿದ್ದರೆ. ಬಂಧನವಾದರೆ ಕಾರಣ ತಿಳಿಸಬೇಕು, ಮನೆಯವರಿಗೆ ತಿಳಿಸಬೇಕು.

ನಿಷೇಧಾಜ್ಞೆ ಮೀರಿದ ಕೇಸಿಗೆ ಈಗ ನ್ಯಾಯ ಸಂಹಿತೆಯ ಕಲಂ 223. ಅದರಲ್ಲಿ ಆದೇಶ ಹೊರಡಿಸಿದ ಅಧಿಕಾರಿಯಾಗಲಿ ಅವರ ಮೇಲಧಿಕಾರಿಯಾಗಲಿ ಲಿಖಿತ ದೂರು ಕೊಡದೆ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಈ ಒಂದೇ ಲೋಪದಿಂದ ಬಿದ್ದ ಕೇಸುಗಳುಂಟು.

ಹಳೇದಫೇದಾರ · ರಾತ್ರಿ 9:40

ಅಕ್ಕ, ಒಂದು ಸ್ವೆಟರ್, ಮಾತ್ರೆ ಇದ್ದರೆ ಮಾತ್ರೆ, ಒಂದು ಬಾಟಲಿ ನೀರು ಚೀಲದಲ್ಲಿರಲಿ. ಚಿಕ್ಕ ಮಕ್ಕಳನ್ನು ಕರೆತರಬೇಡಿ.

ಅತಿಥಿಶಿಕ್ಷಕಿ · ರಾತ್ರಿ 10:02

ಸರ್ಕಾರಿ ನೌಕರರು ಬರಬಹುದೇ? ನನ್ನ ಗಂಡ ಗುಮಾಸ್ತರು, ಗದ್ದೆ ಅವರದ್ದೇ.

ಕರಿಕೋಟು · ರಾತ್ರಿ 10:20

ನೌಕರರ ಪ್ರದರ್ಶನಗಳನ್ನು ಸಾರಾಸಗಟಾಗಿ ನಿಷೇಧಿಸಿದ್ದ ಬಿಹಾರದ ನಿಯಮವನ್ನು 1962ರಲ್ಲೇ ಸುಪ್ರೀಂ ಕೋರ್ಟ್ ತಳ್ಳಿಹಾಕಿದೆ, ಮುಷ್ಕರದ ಹಕ್ಕಿಲ್ಲ ಎಂದೂ ಅದೇ ತೀರ್ಪಿನಲ್ಲಿದೆ. ಆದರೂ ನಡತೆ ನಿಯಮಗಳಿವೆ. ಇಲಾಖೆಯೊಂದಿಗೆ ತಿಕ್ಕಾಟ ಬೇಡವೆಂದರೆ ಮೇಡಂ, ಮನವಿಗೆ ನೀವು ಸಹಿ ಹಾಕಿ.

ಹಾಡಿಹುಡುಗ · ಮಂಗಳವಾರ ಬೆಳಿಗ್ಗೆ 7:15

ಧರಣಿಯಿಂದ ಆನೆ ಹೋಗುತ್ತದೆಯೇ? 2014ರಲ್ಲಿ ಆಲೂರು ಕಡೆ 22 ಆನೆಗಳನ್ನು ಹಿಡಿದು ಸಾಗಿಸಿದ್ದಕ್ಕೆ ಹಿನ್ನೆಲೆ ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆಯ ವರದಿ. ಅಷ್ಟಾದರೂ ಈಗ ಮತ್ತೆ ಬಂದಿವೆ. 2023ರ ಡಿಸೆಂಬರ್‌ನಲ್ಲಿ ಯಸಳೂರು ಭಾಗದ ಕಾರ್ಯಾಚರಣೆಯಲ್ಲಿ ನಮ್ಮ ಅರ್ಜುನನೇ ಪ್ರಾಣ ಬಿಟ್ಟ. ದಸರೆಯ ಅಂಬಾರಿ ಹೊತ್ತ ಆನೆ.

ಹೇಮಾವತಿತೀರ · ಬೆಳಿಗ್ಗೆ 7:30

ಅರ್ಜುನನ ಹೆಸರು ಎತ್ತಬೇಡಿ, ಇನ್ನೂ ಸಂಕಟವಾಗುತ್ತದೆ. ಆ ದಿನ ನಾನು ಆ ಕಾಡಿನ ಅಂಚಿನಲ್ಲಿದ್ದೆ. ಆದರೆ ನಿಮ್ಮ ಮಾತು ತಪ್ಪು. ಕಾರ್ಯಪಡೆ ತಾನಾಗಿ ಹುಟ್ಟಲಿಲ್ಲ. ಜನ ಬೀದಿಗೆ ಬಂದು ಬಂದು ಸುಸ್ತಾದ ಮೇಲೆ ವಿಷಯ ಎಲ್ಲರ ಕಿವಿಗೂ ಬಿದ್ದದ್ದು.

ಕಾಫಿಕಣ · ಗುರುವಾರ ರಾತ್ರಿ 8:15

ಬೆಳವಣಿಗೆ ತಿಳಿಸುತ್ತೇನೆ. ಮಂಗಳವಾರ ಮೂರೂ ಕಚೇರಿಗಳಿಗೆ ಅರ್ಜಿ ಕೊಟ್ಟೆ, ದಫೇದಾರರು ಹೇಳಿದಂತೆ ಹತ್ತು ಜನರ ಹೆಸರು, ವಾಹನಗಳ ಲೆಕ್ಕ, ನೀರಿನ ಡ್ರಮ್ಮು ಎಲ್ಲವನ್ನೂ ಬರೆದು. ಜೊತೆಗೆ ನಿಷೇಧಾಜ್ಞೆಯ ಪ್ರತಿ ಬೇಕೆಂದು ಪ್ರತ್ಯೇಕ ಅರ್ಜಿ. ಇವತ್ತು ಪ್ರತಿ ಕೈಗೆ ಬಂತು. ಅದು ಹಿಂದಿನ ತಿಂಗಳ ಒಂದು ಮೆರವಣಿಗೆಗಾಗಿ, ಪಟ್ಟಣದ ಎರಡು ರಸ್ತೆಗಳಿಗೆ, ಮೂರೇ ದಿನಗಳಿಗೆ ಹೊರಡಿಸಿದ್ದ ಆದೇಶ! ಅವಧಿ ಮುಗಿದು ವಾರಗಳಾಗಿವೆ.

ಸಂತೆ ಮೈದಾನಕ್ಕೆ ಒಪ್ಪಿಗೆ ಸಿಕ್ಕಿದೆ. ಅನುಮತಿ ಪತ್ರದಲ್ಲಿ ಹನ್ನೊಂದರಿಂದ ಎರಡು ಗಂಟೆ, ಒಂದೇ ಧ್ವನಿವರ್ಧಕ, ಮೆರವಣಿಗೆ ರಸ್ತೆಯ ಎಡಬದಿಯಲ್ಲಿ ಎಂದಿದೆ.

ಹಳೇದಫೇದಾರ · ರಾತ್ರಿ 8:40

ಎರಡಕ್ಕೆ ಎಂದರೆ ಎರಡಕ್ಕೇ ಮುಗಿಸಿ. ಮುಂದಿನ ಸಲ ನಿಮ್ಮ ಅರ್ಜಿಯನ್ನು ಓದದೆ ಕಳುಹಿಸುವುದಿಲ್ಲ.

ಹೇಮಾವತಿತೀರ · ರಾತ್ರಿ 8:52

ನಮ್ಮೂರಿನಿಂದ ಮೂವತ್ತು ಜನ ಬರುತ್ತೇವೆ. ಎಡಬದಿಯಲ್ಲೇ ನಡೆಯುತ್ತೇವೆ. ಆ ತಾಯಿಯೂ ಬರುತ್ತೇನೆ ಎಂದಿದ್ದಾಳೆ. ಎಂಟು ಸ್ವೀಕೃತಿಗಳನ್ನು ವಕೀಲರಿಗೆ ಕಳುಹಿಸಿದ್ದೇನೆ.

ಕಾಫಿಕಣ · ಸೋಮವಾರ ಸಂಜೆ 7:05

ಮುಗಿಸಿಕೊಂಡು ಈಗ ಮನೆಗೆ ಬಂದೆ. ಮುನ್ನೂರರ ಹತ್ತಿರ ಜನ ಸೇರಿದ್ದರು. ಆ ತಾಯಿ ಮೈಕ್ ಹಿಡಿದು ಮೂರು ನಿಮಿಷ ಮಾತನಾಡಿದರು, ಮೈದಾನದಲ್ಲಿ ಉಸಿರಾಟವೂ ಕೇಳುತ್ತಿತ್ತು. ತಹಶೀಲ್ದಾರರು ಗೇಟಿನ ಹೊರಗೆ ಬಂದು ಮನವಿ ಪಡೆದರು. ರಾತ್ರಿ ಗಸ್ತಿಗೆ ತಂಡ ಕಳುಹಿಸುವುದಾಗಿಯೂ ಗದ್ದೆ ನಷ್ಟದ ಮಹಜರು ಈ ವಾರವೇ ಮಾಡಿಸುವುದಾಗಿಯೂ ಬರೆದುಕೊಟ್ಟಿದ್ದಾರೆ.

ಕರಿಕೋಟು · ಸಂಜೆ 7:20

ಬರೆದುಕೊಟ್ಟದ್ದರ ಕೆಳಗೆ ಸಹಿ ಇದೆಯೇ, ಮೊಹರು ಇದೆಯೇ?

ಕಾಫಿಕಣ · ಸಂಜೆ 7:26

ಎರಡೂ ಇವೆ ಸರ್. ನಾಲ್ಕು ಊರಿಗೂ ಒಂದೊಂದು ಪ್ರತಿ ಕೊಟ್ಟಿದ್ದೇನೆ. ಗಸ್ತಿನವರು ಇನ್ನೂ ಬಂದಿಲ್ಲ, ಕೆರೆಯ ಕಡೆಯಿಂದ ಈಗಷ್ಟೇ ಪಟಾಕಿಯ ಶಬ್ದ ಕೇಳಿಸಿತು. ಗದ್ದೆಗೆ ಹೊರಟೆ.